ಮೊದಲ ಎಫ್‌ಪಿವಿ ವಿಮಾನ: ಸಣ್ಣ ರೆಕ್ಕೆಯಾ, ದೊಡ್ಡ ಪುಷರ್ ಆ? ಉಡುಪಿ ಕಡೆಯವರು ಹೇಳಿ

ಕಟಪಾಡಿ_ಹೊಸಬ

ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ಐದು ಇಂಚಿನ ಪ್ರೊಪೆಲ್ಲರಿನ ಎಫ್‌ಪಿವಿ ಡ್ರೋನ್ ಹಾರಿಸುತ್ತಿದ್ದೇನೆ, ಅಂದರೆ ಅದರ ಕ್ಯಾಮೆರಾ ಕಾಣುವುದನ್ನು ಗಾಗಲ್ಸಿನಲ್ಲಿ ನೋಡುತ್ತಾ. ಖುಷಿ ಇದೆ, ಆದರೆ ಬ್ಯಾಟರಿ ನಾಲ್ಕೈದು ನಿಮಿಷಕ್ಕೆ ಮುಗಿಯುತ್ತದೆ. ಹಾರಿಸಿದ್ದಕ್ಕಿಂತ ಚಾರ್ಜಿಗೆ ಇಟ್ಟು ಕಾದದ್ದೇ ಜಾಸ್ತಿ. ಹಾಗಾಗಿ ವಿಮಾನಕ್ಕೆ ಬರೋಣ ಅಂತ ಆಸೆ. ಮಟ್ಟು ಕಡೆ ಒಂದು ಬದಿ ಹೊಳೆ, ಒಂದು ಬದಿ ಸಮುದ್ರ. ಅದನ್ನು ಮೇಲಿನಿಂದ ಅರ್ಧ ಗಂಟೆ ನಿಧಾನಕ್ಕೆ ನೋಡಬೇಕು.

ಹಾರಿಸುವ ರಿಮೋಟ್ ರೇಡಿಯೋ ಇದೆ, 2.4 ಗಿಗಾಹರ್ಟ್ಸ್ ಇಎಲ್‌ಆರ್‌ಎಸ್. ಗಾಗಲ್ಸ್ ಅನಲಾಗ್, ಹಳೆಯ ಡಬ್ಬಾ ಮಾದರಿ. ವಿಮಾನ, ಮೋಟಾರು, ಕ್ಯಾಮೆರಾ ಎಲ್ಲ ಸೇರಿ 25 ಸಾವಿರದ ಒಳಗೆ ಆಗಬೇಕು. ಮೂರು ಕಣ್ಣಿಗೆ ಬಿದ್ದಿವೆ. ಒಂದು ಡಾರ್ಟ್ 250ಜಿ, ರೆಕ್ಕೆ 570 ಮಿ.ಮೀ. ಎರಡನೆಯದು ಎಆರ್ ವಿಂಗ್ ಪ್ರೊ, ಬಾಲವಿಲ್ಲದ ಬರೀ ರೆಕ್ಕೆ, 1000 ಮಿ.ಮೀ. ಮೂರನೆಯದು ಬಿಕ್ಸ್ಲರ್, ರೇಂಜರ್ ತರಹದ ಒಂದೂವರೆ ಮೀಟರಿನ ಪುಷರ್, ಪ್ರೊಪೆಲ್ಲರ್ ಹಿಂದಿರುವ ಬಾಲದ ವಿಮಾನ. ನಿಜ ಹೇಳಬೇಕೆಂದರೆ ಮೂರನೆಯದು ನೋಡಲು ಮಕ್ಕಳ ಆಟಿಕೆ ತರಹ ಇದೆ. ಎರಡನೆಯದರ ಮೇಲೆ ಮನಸ್ಸು. ಯಾರಾದರೂ ಹೂಂ ಅನ್ನಿ, ಆರ್ಡರ್ ಮಾಡ್ತೇನೆ.

ಸುರತ್ಕಲ್_ರೆಕ್ಕೆ

ಹೂಂ. ಮಾಡಿ.

ಬಾಲವಿಲ್ಲದ ರೆಕ್ಕೆಯಲ್ಲಿ ಪಟ್ಟಿ ತಿರುಗಿಸಲು ಎರಡು ಸರ್ವೋ, ಒಂದು ಮೋಟಾರು. ಮುರಿಯಲಿಕ್ಕೆ ಬಾಲವೇ ಇಲ್ಲ! ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ಬೈಕಿನ ಹಿಂದೆ ಕಟ್ಟಿಕೊಂಡು ಹೋಗಬಹುದು. ನೀವು ಡ್ರೋನ್ ಹಾರಿಸಿದವರು, ಕೈ ಕೂತಿದೆ. ಆಟಿಕೆ ತೆಗೆದುಕೊಂಡರೆ ಎರಡು ತಿಂಗಳಿಗೆ ಬೇಜಾರು ಬಂದು ಮತ್ತೆ ರೆಕ್ಕೆಯನ್ನೇ ಹುಡುಕುತ್ತೀರಿ.

ಗದ್ದೆ_ಪೈಲಟ್

ಸ್ವಲ್ಪ ನಿಲ್ಲಿ ಮಾರಾಯ್ರೇ. ಎಲ್ಲರೂ ಯಾವುದು ಹಾರಿಸುವುದು ಅಂತ ಕೇಳುತ್ತಾರೆ. ಎಲ್ಲಿ ಇಳಿಸುವುದು ಅಂತ ಯಾರೂ ಕೇಳುವುದಿಲ್ಲ.

ನಮ್ಮ ಊರಿನಲ್ಲಿ ಮೈದಾನ ಅಂದರೆ ಎಂತ? ಏಣೆಲು (ಮಳೆಗಾಲದ ಬೆಳೆ) ಕೊಯ್ಲು ಆದ ಮೇಲೆ ಖಾಲಿ ಬಿದ್ದ ಗದ್ದೆ. ಉದ್ದ ಐವತ್ತು ಅರವತ್ತು ಮೀಟರ್ ಸಿಕ್ಕರೆ ಪುಣ್ಯ. ನಾಲ್ಕೂ ಕಡೆ ಹುಣಿ (ಬದು), ಹುಣಿ ದಾಟಿದರೆ ತೆಂಗಿನ ತೋಟ, ನಡುವೆ ಒಂದು ಕರೆಂಟ್ ತಂತಿ. ಯೂಟ್ಯೂಬಿನಲ್ಲಿ ಹೊರದೇಶದವರು ರೆಕ್ಕೆ ಇಳಿಸುವ ಹುಲ್ಲುಗಾವಲು ಇಲ್ಲಿ ಎಲ್ಲುಂಟು?

ಡ್ರೋನಿಗೆ ಗಾಬರಿಯಾದರೆ ನಿಲ್ಲಿಸಬಹುದು. ವಿಮಾನ ನಿಂತರೆ ಬೀಳುತ್ತದೆ. ವೇಗ ಒಂದು ಮಿತಿಗಿಂತ ಕಡಿಮೆಯಾದರೆ ರೆಕ್ಕೆ ಎತ್ತುವುದನ್ನೇ ಬಿಟ್ಟುಬಿಡುತ್ತದೆ, ಅದೇ ಸ್ಟಾಲ್. ಆ ಮಿತಿ ಎಷ್ಟು ಅನ್ನುವುದು ತೂಕವನ್ನು ಎಷ್ಟು ಅಗಲದ ರೆಕ್ಕೆಗೆ ಹಂಚಿದ್ದೀರಿ ಎನ್ನುವುದರ ಮೇಲೆ ನಿಂತಿದೆ. ದೊಡ್ಡ ರೆಕ್ಕೆ, ಕಡಿಮೆ ತೂಕ ಇದ್ದರೆ ನೀವು ಓಡುವಷ್ಟೇ ವೇಗಕ್ಕೆ ಇಳಿಯುತ್ತದೆ. ಸಣ್ಣ ರೆಕ್ಕೆಗೆ ಕ್ಯಾಮೆರಾ, ಜಿಪಿಎಸ್, ದೊಡ್ಡ ಬ್ಯಾಟರಿ ಎಲ್ಲ ತುಂಬಿದರೆ ಬಾಣದ ಹಾಗೆ ಬರುತ್ತದೆ. ಐವತ್ತು ಮೀಟರಿನ ಗದ್ದೆಯಲ್ಲಿ ಬಾಣ ಇಳಿಸಲು ಸಾಧ್ಯವಾ?

ಪುಷರ್ ನೋಡಲು ಆಟಿಕೆಯೇ. ಆದರೆ ಪ್ರೊಪೆಲ್ಲರ್ ಹಿಂದೆ ಇರುವುದರಿಂದ ಕ್ಯಾಮೆರಾದ ಎದುರು ಏನೂ ಅಡ್ಡ ಬರುವುದಿಲ್ಲ. ಮೂಗು ಮೊದಲು ನೆಲಕ್ಕೆ ತಾಗಿದರೂ ಪ್ರೊಪೆಲ್ಲರ್ ಉಳಿಯುತ್ತದೆ. ರೆಕ್ಕೆ ಮೇಲೆ, ಭಾರ ಕೆಳಗೆ, ರೆಕ್ಕೆಯ ತುದಿ ಸ್ವಲ್ಪ ಮೇಲಕ್ಕೆ ಎತ್ತಿರುತ್ತದೆ. ಕೈ ಬಿಟ್ಟರೆ ತಾನೇ ಸರಿಯಾಗುತ್ತದೆ.

ನಾನೂ ನಿಮ್ಮ ಹಾಗೆ ಡ್ರೋನಿನಿಂದಲೇ ಬಂದದ್ದು. ಸೀದಾ ರೆಕ್ಕೆ ತಂದೆ. ಮೊದಲ ದಿನ ಮೂರು ಸಲ ಎಸೆದೆ. ಮೂರನೆಯ ಸಲಕ್ಕೆ ಅದು ಎರಡು ಆಗಿತ್ತು.

ಬಾಲ್ಸಾ_ಮಾಮ

ಗದ್ದೆಯವರು ಹೇಳಿದ್ದು ಸರಿ. ನನ್ನದು ಇನ್ನೊಂದು ಮಾತು ಉಂಟು.

ಮಗಾ, ಮೊದಲ ಹತ್ತು ಸಲ ಆ ಕನ್ನಡಕ ಮನೆಯಲ್ಲೇ ಇಡು. ನೆಲದಲ್ಲಿ ನಿಂತು ಬರಿಗಣ್ಣಲ್ಲಿ ಹಾರಿಸು. ವಿಮಾನ ನಿನ್ನ ಕಡೆಗೆ ಬರುವಾಗ ಎಡ ಬಲ ತಿರುಗಿ ಹೋಗುತ್ತದೆ, ಅದು ಕೈಗೆ ಹತ್ತಬೇಕು. ಯಾಕೆ ಅಂತ ಕೇಳಿದರೆ, ಒಂದು ದಿನ ಗಾಳಿಯಲ್ಲಿ ಇರುವಾಗಲೇ ನಿನ್ನ ವಿಡಿಯೋ ಹೋಗುತ್ತದೆ. ಹೋಗಿಯೇ ಹೋಗುತ್ತದೆ. ಆಗ ಕನ್ನಡಕ ತೆಗೆದು ಆಕಾಶದಲ್ಲಿ ಹುಡುಕಿ ಇಳಿಸಬೇಕಲ್ಲ? ಡ್ರೋನ್ ಮಾತ್ರ ಹಾರಿಸಿದವರಿಗೆ ಅದು ಬರುವುದಿಲ್ಲ.

ಹತ್ತರಲ್ಲಿ ನಾಲ್ಕು ಸಲ ಮೇಲೆ ಹೋಗಿ ಮೋಟಾರು ಪೂರ್ತಿ ಬಂದ್ ಮಾಡು. ಎಷ್ಟು ದೂರ ತೇಲುತ್ತದೆ ನೋಡು. ನಾವು ಕಲಿಯುವಾಗ ಎಂಜಿನ್ ನಡುವೆ ನಿಲ್ಲುವುದು ದಿನದ ಕತೆ. ಮೊದಲು ಇಳಿಸುವುದು ಕಲಿತು ಆಮೇಲೆ ಹಾರಿಸುವುದು ಕಲಿತೆವು. ಒಂದು ಬಾಲ್ಸಾ ವಿಮಾನ ಕಟ್ಟಲು ಒಂದು ಮಳೆಗಾಲ ಬೇಕಿತ್ತು. ಅದನ್ನು ಕಲ್ಲಿಗೆ ಬಡಿದು ಮನೆಗೆ ಹೋದರೆ ಊಟ ಸೇರುತ್ತಿರಲಿಲ್ಲ. ನಿಮ್ಮ ಕಾಲದಲ್ಲಿ ಇಪಿಒ ಫೋಮ್, ಮೂಗು ಜಜ್ಜಿದರೆ ಕುದಿಯುವ ನೀರು ಹೊಯ್ದರೆ ಉಬ್ಬಿ ಬರುತ್ತದೆ. ಪುಣ್ಯವಂತರು.

ಸುರತ್ಕಲ್_ರೆಕ್ಕೆ

ಮಾಮ, ನಿಮ್ಮ ಮೇಲೆ ಗೌರವ ಇದೆ. ಆದರೆ ಈಗ ಫ್ಲೈಟ್ ಕಂಟ್ರೋಲರ್, ಅಂದರೆ ವಿಮಾನದೊಳಗಿನ ಸಣ್ಣ ಕಂಪ್ಯೂಟರ್ ಇದೆಯಲ್ಲ? ಅದಕ್ಕೆ ಐನಾವ್ ತಂತ್ರಾಂಶ ಹಾಕಿದರೆ ಎಸೆಯುವುದನ್ನೂ ಅದೇ ನೋಡಿಕೊಳ್ಳುತ್ತದೆ. ಸಿಗ್ನಲ್ ಹೋದರೆ ತಾನೇ ಮನೆಗೆ ಬರುತ್ತದೆ. ಇಷ್ಟು ಹೆದರಿಸಬೇಡಿ.

ಗದ್ದೆಯವರ ರೆಕ್ಕೆ ಮುರಿದದ್ದು ರೆಕ್ಕೆಯ ತಪ್ಪಲ್ಲ. ಭಾರದ ಕೇಂದ್ರ ಸರಿ ಇಟ್ಟಿರಲಿಲ್ಲ ಅಂತ ಪಂಥ ಕಟ್ಟುತ್ತೇನೆ.

ಗದ್ದೆ_ಪೈಲಟ್

ಪಂಥ ಗೆದ್ದಿರಿ. ಬ್ಯಾಟರಿ ಒಂದು ಬೆರಳು ಹಿಂದೆ ಇತ್ತು, ಅಷ್ಟೆ. ನಾನು ಹೇಳುವುದೂ ಅದನ್ನೇ. ಬಾಲವಿಲ್ಲದ ವಿಮಾನಕ್ಕೆ ಒಂದು ಬೆರಳು ಸಾಕು. ಉದ್ದ ಬಾಲದ ಪುಷರ್ ಅದೇ ತಪ್ಪಿಗೆ ಸ್ವಲ್ಪ ಓಲಾಡಿ, ಬೈದು, ಆದರೂ ಹಾರುತ್ತದೆ. ಹೊಸಬರು ತಪ್ಪು ಮಾಡಿಯೇ ಮಾಡುತ್ತಾರೆ. ತಪ್ಪು ತಡೆದುಕೊಳ್ಳುವ ವಿಮಾನ ಬೇಕಲ್ವಾ?

ಕಟಪಾಡಿ_ಹೊಸಬ

ಮಾಮ, ನಿಮ್ಮ ಮಾತು ತಲೆಯಲ್ಲಿ ಕೂತಿತು. ಹತ್ತು ಸಲ ಬರಿಗಣ್ಣು, ಒಪ್ಪಿದೆ.

ಆದರೂ ಆ 250 ಗ್ರಾಮಿನದು ಬಿಡಲು ಮನಸ್ಸಿಲ್ಲ. ಅದಕ್ಕೆ ಕಾನೂನಿನ ತಲೆನೋವು ಇಲ್ಲವಂತೆ, ಹೌದಾ?

ಕುಂಜಿಬೆಟ್ಟು_ಲೆಕ್ಕ

ಅರ್ಧ ಹೌದು. ಇದರ ಬಗ್ಗೆ ವಾಟ್ಸಾಪಿನಲ್ಲಿ ಸುಮ್ನೆ ಏನೇನೋ ಓಡಾಡುತ್ತದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮತ್ತು ಅದರ ಒಳಗಿನದು ನ್ಯಾನೋ. ಅದರಿಂದ 2 ಕೆ.ಜಿ. ವರೆಗೆ ಮೈಕ್ರೋ. ಗ್ರಾಂ ಲೆಕ್ಕ ಬ್ಯಾಟರಿ, ಕ್ಯಾಮೆರಾ ಎಲ್ಲ ಸೇರಿ. ಖಾಲಿ ಫೋಮಿನ ತೂಕ ಅಲ್ಲ. ನ್ಯಾನೋಗೆ ಪೈಲಟ್ ಪ್ರಮಾಣಪತ್ರ ಬೇಡ ನಿಜ. ಆದರೆ ವ್ಯಾಪಾರಕ್ಕಲ್ಲದೆ ಹಾರಿಸುವ ಮೈಕ್ರೋಗೂ ಬೇಡ. ನಿಮ್ಮ ಒಂದೂವರೆ ಮೀಟರಿನ ಪುಷರ್ 2 ಕೆ.ಜಿ. ಒಳಗೇ ಇರುತ್ತದೆ. ಹಾಗಾಗಿ ಪ್ರಮಾಣಪತ್ರದ ಭಯಕ್ಕೆ ಸಣ್ಣದು ತೆಗೆದುಕೊಳ್ಳುವುದರಲ್ಲಿ ಅರ್ಥ ಇಲ್ಲ. ಮೈಕ್ರೋಗೆ ನೋಂದಣಿ ಮಾಡಿಸಿ ಸಂಖ್ಯೆ ಪಡೆಯುವ ಕೆಲಸ ಉಂಟು, ಅದನ್ನು ಮಾಡಿಕೊಳ್ಳಿ.

ಮುಖ್ಯ ಮಾತು ಬೇರೆ ಇದೆ. ಅದೇ ನಿಯಮದಲ್ಲಿ ‘ಮಾಡೆಲ್’ ಅಂದರೆ ಏನು ಅಂತ ಬರೆಯುವಾಗಲೇ, ಕಲಿಕೆ, ಸಂಶೋಧನೆ, ಪರೀಕ್ಷೆ, ಮನರಂಜನೆಗೆ ಮಾತ್ರ ಮತ್ತು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಎಂದಿದೆ. ಗಾಗಲ್ಸ್ ಹಾಕಿದವನ ಕಣ್ಣು ವಿಮಾನದ ಮೇಲೆ ಇರುವುದಿಲ್ಲ. ಹಾಗಾಗಿ ಪಕ್ಕದಲ್ಲಿ ಆಕಾಶ ನೋಡುವ ಒಬ್ಬ ಜೊತೆಗಾರ ಬೇಕೇ ಬೇಕು. ಹೊಳೆ ದಾಟಿ, ಊರು ದಾಟಿ ಹೋಗುವ ಯೋಚನೆ ಬಿಡಿ.

ಎತ್ತರ: ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್. ವಿಮಾನ ನಿಲ್ದಾಣದ ಸರಹದ್ದಿನಿಂದ 8ರಿಂದ 12 ಕಿ.ಮೀ. ನಡುವೆ ಇದ್ದರೆ 200 ಅಡಿ ಮಾತ್ರ. 5ರಿಂದ 8 ಕಿ.ಮೀ. ಹಳದಿ, ಅಲ್ಲಿ ಅನುಮತಿ ಬೇಕು. ಕಟಪಾಡಿ ಬಜ್ಪೆ ವಿಮಾನ ನಿಲ್ದಾಣದಿಂದ 30 ಕಿ.ಮೀ.ಗಿಂತ ದೂರ, ನಿಮಗೆ ತೊಂದರೆ ಇಲ್ಲ. ಸುರತ್ಕಲಿನವರೇ, ನೀವು ಒಮ್ಮೆ ನಕ್ಷೆ ನೋಡಿಕೊಳ್ಳಿ. ನಿಮ್ಮ ಪಕ್ಕ ಬಂದರೂ ಇದೆ, ರಿಫೈನರಿಯೂ ಇದೆ. ಈ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ಹಾರಿಸುವ ದಿನವೇ ತೆರೆದು ನೋಡುವುದು ಒಳ್ಳೆಯದು, ವಲಯಗಳು ಬದಲಾಗುತ್ತವೆ.

ಸುರತ್ಕಲ್_ರೆಕ್ಕೆ

ನೋಡಿಕೊಂಡೇ ಹಾರಿಸುವುದು ಸ್ವಾಮಿ. ಅದಕ್ಕೇ ವಾರಕ್ಕೊಮ್ಮೆ ಅಷ್ಟು ದೂರ ಬೈಕಿನಲ್ಲಿ ಹೋಗುವುದು, ಅದಕ್ಕೇ ಬೈಕಿಗೆ ಕಟ್ಟಲು ಬರುವ ವಿಮಾನ.

ಮಲ್ಪೆ_ಗಾಳಿ

ಹೊಸಬರೇ, 250 ಗ್ರಾಂ ನಮ್ಮ ಕರಾವಳಿಗೆ ಅಲ್ಲ ಎನ್ನುವುದಕ್ಕೆ ನನ್ನ ಕಾರಣ ಕಾನೂನಲ್ಲ, ಗಾಳಿ.

ಬೆಳಿಗ್ಗೆ ನೆಲದಿಂದ ಸಮುದ್ರಕ್ಕೆ ಸಣ್ಣಗೆ ಗಾಳಿ ಇರುತ್ತದೆ. ಬಿಸಿಲು ಏರಿ ನೆಲ ಕಾದ ಹಾಗೆ ಅದು ನಿಲ್ಲುತ್ತದೆ. ಆಮೇಲೆ ತಿರುಗಿ ಪಡುವಣದಿಂದ ಬೀಸಲು ಶುರು. ಮಧ್ಯಾಹ್ನಕ್ಕೆ ಪಣಂಬೂರಿನಲ್ಲಿ ಗಾಳಿಪಟ ಉತ್ಸವ ಮಾಡುವಷ್ಟು ಗಾಳಿ! ನಿಮ್ಮ ವಿಮಾನ ಗಂಟೆಗೆ 50 ಕಿ.ಮೀ. ಹೋಗುತ್ತದೆ ಅಂತಿಟ್ಟುಕೊಳ್ಳಿ. ಗಾಳಿ 25 ಇದ್ದರೆ ಎದುರಿಗೆ ಹೋಗುವಾಗ ನೆಲದ ಲೆಕ್ಕದಲ್ಲಿ 25 ಮಾತ್ರ, ಹಿಂದಿನಿಂದ ಬಂದರೆ 75. ಹೊಸಬರು ಗಾಳಿಯ ಜೊತೆ ಆರಾಮಾಗಿ ದೂರ ಹೋಗಿ, ತಿರುಗಿದ ಮೇಲೆ ಕಣ್ಣು ಬಿಡುತ್ತಾರೆ. ಯಾವಾಗಲೂ ಮೊದಲು ಗಾಳಿಗೆ ಎದುರಾಗಿ ಹೋಗಿ. ಬ್ಯಾಟರಿ ಇಳಿದಾಗ ಗಾಳಿಯೇ ಮನೆಗೆ ತಳ್ಳುತ್ತದೆ.

ಇದರಲ್ಲೂ ಒಂದು ಸೂಕ್ಷ್ಮ ಇದೆ. ಸಮುದ್ರದ ಬದಿಯಲ್ಲಿ ಮಧ್ಯಾಹ್ನ ಮೋಟಾರು ಕೈಕೊಟ್ಟರೆ ವಿಮಾನ ತೋಟದ ಕಡೆ ತೇಲಿ ಬರುತ್ತದೆ. ಬೆಳಿಗ್ಗೆ ಕೈಕೊಟ್ಟರೆ ನೀರಿನ ಕಡೆ. ಆದರೂ ಕಲಿಯುವವರಿಗೆ ಬೆಳಿಗ್ಗೆಯೇ ಒಳ್ಳೆಯದು, ಆದರೆ ಕಡಲಿನಿಂದ ಒಂದು ಕಿಲೋಮೀಟರ್ ದೂರ, ಊರೊಳಗಿನ ಗದ್ದೆಯಲ್ಲಿ. ಸಂಜೆ ಪಡುವಣಕ್ಕೆ ಮುಖ ಮಾಡಿ ಹಾರಿಸಿದರೆ ಸೂರ್ಯ ಸೀದಾ ಕ್ಯಾಮೆರಾಗೆ ಹೊಡೆಯುತ್ತಾನೆ, ಪರದೆ ತುಂಬಾ ಬಿಳಿ.

ಬೀಚಿನ ಮರಳಲ್ಲಿ ಇಳಿಸಲೇಬೇಡಿ. ಕಪ್ಪು ಕಣ ಮೋಟಾರಿನ ಮ್ಯಾಗ್ನೆಟ್ಟಿಗೆ ಅಂಟಿದರೆ ಟೂತ್‌ಬ್ರಶ್ಶಿನಲ್ಲಿ ಉಜ್ಜಿದರೂ ಬಿಡುವುದಿಲ್ಲ. ಉಪ್ಪು ಗಾಳಿಗೆ ಬೇರಿಂಗ್ ಕಿರುಗುಟ್ಟುತ್ತದೆ.

ಇನ್ನು ಹದ್ದು. ಮೀನು ಬಂದರಿನ ಹತ್ತಿರ ಅವುಗಳದ್ದೇ ರಾಜ್ಯ. ಮೇಲಿನಿಂದ ಬಂದು ರೆಕ್ಕೆಗೆ ಕಾಲು ಹಾಕುತ್ತವೆ. ನನ್ನ ಬಿಳಿ ವಿಮಾನದ ಮೇಲೆ ನಾಲ್ಕು ಉಗುರಿನ ಗುರುತು ಈಗಲೂ ಇದೆ. ಹದ್ದು ಸುತ್ತಲು ಶುರು ಮಾಡಿದರೆ ಇಳಿಸಿಬಿಡಿ, ಅದರ ಆಕಾಶ ಅದು.

ಕಟಪಾಡಿ_ಹೊಸಬ

ಸರಿ, 250 ಬಿಟ್ಟೆ. ಈಗ ವಿಡಿಯೋ. ನನ್ನ ಅನಲಾಗ್ ಗಾಗಲ್ಸ್ ಸಾಕಾ, ಡಿಜಿಟಲ್ ಮಾಡಬೇಕಾ?

ಸುರತ್ಕಲ್_ರೆಕ್ಕೆ

25 ಸಾವಿರದಲ್ಲಿ ಡಿಜಿಟಲ್ ಆ? ವಿಮಾನ ಕಾಗದದಲ್ಲಿ ಮಾಡ್ತೀರಾ?

ಗದ್ದೆ_ಪೈಲಟ್

ಅನಲಾಗ್ ಸಾಕು. ಸಿಗ್ನಲ್ ಕುಂದಿದಾಗ ಅನಲಾಗ್‌ನಲ್ಲಿ ಹಳೆಯ ಟಿವಿ ತರಹ ಚುಕ್ಕಿ ಬರುತ್ತದೆ, ನಿಮಗೆ ಮೊದಲೇ ಗೊತ್ತಾಗುತ್ತದೆ. ಡಿಜಿಟಲ್ ಕೊನೆಯವರೆಗೂ ಚಂದ ತೋರಿಸಿ ಥಟ್ಟನೆ ನಿಂತುಬಿಡುತ್ತದೆ. ಡಿಜಿಟಲ್ ಪರ ಒಂದೇ ಮಾತು ಹೇಳುತ್ತೇನೆ: ಅದರಲ್ಲಿ ಕರೆಂಟ್ ತಂತಿ ಕಾಣುತ್ತದೆ. ಅನಲಾಗ್‌ನಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಹಾರಿಸುವ ಮೊದಲು ನಡೆದು ನೋಡಿ ತಂತಿ ಎಲ್ಲೆಲ್ಲಿ ಹೋಗಿದೆ ಅಂತ ಮನಸ್ಸಲ್ಲಿ ಬರೆದುಕೊಳ್ಳಿ.

ವಿಡಿಯೋ 5.8 ಗಿಗಾಹರ್ಟ್ಸ್, ಎಲೆ ಅಂದರೆ ಅದಕ್ಕೆ ಆಗುವುದಿಲ್ಲ. ಮಳೆಯಲ್ಲಿ ನೆನೆದ ತೆಂಗಿನ ತೋಟದ ಹಿಂದೆ ಹೋದರೆ ಚಿತ್ರ ಮುಗಿಯಿತು. ವಿಟಿಎಕ್ಸಿನ (ವಿಮಾನದಿಂದ ವಿಡಿಯೋ ಕಳಿಸುವ ಯಂತ್ರ) ಪವರ್ ಏರಿಸುವುದಕ್ಕಿಂತ ನೀವು ನಿಲ್ಲುವ ಜಾಗ ಬದಲಿಸುವುದು ಲಾಭ. ವಿಮಾನ, ಗಾಗಲ್ಸ್ ಎರಡೂ ಕಡೆಯ ಆಂಟೆನಾ ಅಲೆಯನ್ನು ಒಂದೇ ದಿಕ್ಕಿಗೆ ಸುತ್ತಿಸುವಂಥದ್ದಾಗಿರಲಿ, ಎರಡೂ ಬಲ ಅಥವಾ ಎರಡೂ ಎಡ. ಆಂಟೆನಾ ಹಾಕದೆ ವಿಟಿಎಕ್ಸ್ ಆನ್ ಮಾಡಿದರೆ ಸುಟ್ಟುಹೋಗುತ್ತದೆ. ಡ್ರೋನಿನವರಿಗೆ ಗೊತ್ತಿರುತ್ತದೆ ಬಿಡಿ. ಗೊತ್ತಿಲ್ಲದೆ ಇರುವುದು ಇದು: ಡ್ರೋನಿನಲ್ಲಿ ಅದು ಗಾಳಿಗೆ ತೆರೆದಿರುತ್ತದೆ, ವಿಮಾನದಲ್ಲಿ ಫೋಮಿನ ಹೊಟ್ಟೆಯೊಳಗೆ ಬೇಯುತ್ತದೆ. ಗಾಳಿ ಒಳಗೆ ಬರಲು ಒಂದು ತೂತು, ಹೊರಗೆ ಹೋಗಲು ಒಂದು ತೂತು ಕೊರೆಯಿರಿ. ಜಿಪಿಎಸ್ಸನ್ನು ವಿಟಿಎಕ್ಸಿನಿಂದ ದೂರ ಇಡಿ, ಒಂದು ಮೂಗಿನ ಕಡೆ ಇದ್ದರೆ ಇನ್ನೊಂದು ಬಾಲದ ಕಡೆ.

ಕುಂಜಿಬೆಟ್ಟು_ಲೆಕ್ಕ

ಅರ್ಧ ಗಂಟೆ ಹಾರಬೇಕು ಅಂದಿರಲ್ಲ, ಬ್ಯಾಟರಿ ಲೆಕ್ಕ ಹೇಳುತ್ತೇನೆ.

3ಎಸ್ (ಮೂರು ಸೆಲ್ಲಿನ) 2200 ಎಂಎಎಚ್ ಲಿಪೋ: 11.1 ವೋಲ್ಟ್ ಗುಣಿಸು 2.2, ಸುಮಾರು 24 ವ್ಯಾಟ್‌ಅವರ್. ನಾಲ್ಕು 18650 ಲಿಥಿಯಂ ಅಯಾನ್ ಸೆಲ್ ಸಾಲಾಗಿ ಜೋಡಿಸಿದ 3000 ಎಂಎಎಚ್ ಪ್ಯಾಕ್: 14.4 ಗುಣಿಸು 3, ಅಂದರೆ 43. ತೂಕ ಎರಡೂ ಹೆಚ್ಚುಕಮ್ಮಿ 190 ಗ್ರಾಂ ಆಸುಪಾಸು. ನಿಧಾನಕ್ಕೆ ಹಾರುವಾಗ 70 ವ್ಯಾಟ್ ಹೀರಿತು ಅಂತಿಟ್ಟುಕೊಂಡು ಐದರಲ್ಲಿ ನಾಲ್ಕು ಪಾಲು ಮಾತ್ರ ಬಳಸಿದರೆ, ಲಿಪೋದಲ್ಲಿ ಹದಿನಾರು ಹದಿನೇಳು ನಿಮಿಷ, ಅಯಾನಿನಲ್ಲಿ ಅರ್ಧ ಗಂಟೆಗೆ ಒಂದಿಷ್ಟು ಕಮ್ಮಿ.

ಅಯಾನಿನ ಕೊರತೆ ಎಂದರೆ ಒಮ್ಮೆಲೇ ಜಾಸ್ತಿ ಕರೆಂಟ್ ಕೇಳಿದರೆ ವೋಲ್ಟೇಜ್ ಕುಸಿಯುತ್ತದೆ. ಎಸೆದ ಕೂಡಲೇ ಪೂರ್ತಿ ಥ್ರಾಟಲ್ ಕೊಡುವ ಭಾರದ ವಿಮಾನಕ್ಕೆ ಅದು ಆಗಿಬರುವುದಿಲ್ಲ. ಕಲಿಯುವವರೆಗೆ ಲಿಪೋ ಇರಲಿ, ಆಮೇಲೆ ಅಯಾನ್. ನಾಲ್ಕು ಸೆಲ್ಲಿಗೆ ಹೋಗುವಾಗ ಮೋಟಾರು, ಪ್ರೊಪೆಲ್ಲರ್ ಅದಕ್ಕೆ ಹೊಂದುತ್ತದಾ ಅಂತ ನೋಡಿಕೊಳ್ಳಿ.

ಮಲ್ಪೆ_ಗಾಳಿ

ಹೊರದೇಶದಿಂದ ತರಿಸುವವರಾದರೆ ಒಂದು ಎಚ್ಚರಿಕೆ. 2022ರ ಫೆಬ್ರವರಿ 9ರಿಂದ ಪೂರ್ತಿ ಜೋಡಿಸಿದ ಡ್ರೋನಿನ ಜೊತೆ ಬಿಡಿ ಕಿಟ್ಟಿನ ಆಮದೂ ನಿಂತಿದೆ. ಬಿಡಿಭಾಗಗಳಿಗೆ ತಡೆ ಇಲ್ಲ. ಆದರೆ ಡಬ್ಬದ ಮೇಲೆ ವಿಮಾನದ ಚಿತ್ರ ಕಂಡರೆ ಕಸ್ಟಮ್ಸ್‌ನಲ್ಲಿ ಪ್ರಶ್ನೆ ಶುರುವಾಗುತ್ತದೆ. ನನ್ನದೊಂದು ಕಿಟ್ ಮೂರು ತಿಂಗಳು ಕೂತು ವಾಪಸ್ ಹೋಯಿತು. ದೇಶದೊಳಗೆ ಸ್ಟಾಕ್ ಇರುವುದನ್ನೇ ನೋಡಿ. ರೆಕ್ಕೆ ಮುರಿದರೆ ರೆಕ್ಕೆ ಮಾತ್ರ ಬಿಡಿಯಾಗಿ ಸಿಗುತ್ತದಾ ಅಂತ ಕೊಳ್ಳುವ ಮೊದಲೇ ಕೇಳಿ.

ಕಟಪಾಡಿ_ಹೊಸಬ

ತೀರ್ಮಾನ ಆಯಿತು. ಒಂದೂವರೆ ಮೀಟರಿನ ಪುಷರ್. ಸುರತ್ಕಲಿನವರು ಬೈಯಬೇಡಿ. ಬೆಂಗಳೂರಿನಿಂದ ಬಂದಿದೆ, ಇವತ್ತು ಅಂಟಿಸಿದೆ. ಮನೆಯಲ್ಲಿ ಅಮ್ಮ ನೋಡಿ ‘ಇದು ಒಳಗೆ ಎಲ್ಲಿ ಇಡುತ್ತಿ?’ ಅಂದರು. ಅಟ್ಟ.

ರಿಟರ್ನ್ ಟು ಹೋಮ್ ಹೇಗೆ ಇಡಲಿ?

ಗದ್ದೆ_ಪೈಲಟ್

ವಾಪಸ್ ಬರುವ ಎತ್ತರ 60 ಮೀಟರ್ ಇಡಿ. ತೆಂಗು 25, 30 ಮೀಟರಿನವರೆಗೆ ಹೋಗುತ್ತದೆ. ಗುಡ್ಡೆಯ ಮೇಲಿನ ತೆಂಗು ಅಂದರೆ ಇನ್ನೂ ಎತ್ತರ. ಐನಾವ್‌ನಲ್ಲಿ ವಿಮಾನಕ್ಕೆ ದಿಕ್ಸೂಚಿ ಬೇಡ, ಜಿಪಿಎಸ್ ಒಂದರಲ್ಲೇ ದಾರಿ ಹಿಡಿಯುತ್ತದೆ. ಆದರೆ ಉಪಗ್ರಹಗಳು ಸರಿಯಾಗಿ ಸಿಗುವ ಮೊದಲು ಎಸೆಯಬೇಡಿ, ‘ಮನೆ’ ಎಲ್ಲಿ ಅಂತಲೇ ಅದಕ್ಕೆ ಗೊತ್ತಿರುವುದಿಲ್ಲ. ಮೊದಲು ಸ್ವಿಚ್ಚಿನಲ್ಲಿ, ಕಣ್ಣೆದುರೇ, ನೂರು ಮೀಟರಿನಲ್ಲಿ ಪರೀಕ್ಷೆ ಮಾಡಿ. ನೆಲದಲ್ಲಿ ಪ್ರೊಪೆಲ್ಲರ್ ತೆಗೆದು ರೇಡಿಯೋ ಆಫ್ ಮಾಡಿ ಫೇಲ್‌ಸೇಫ್ ನೋಡಿ, ಸಿಗ್ನಲ್ ಹೋದಾಗ ಅದು ಏನು ಮಾಡುತ್ತದೆ ಅಂತ. ವಿಮಾನವನ್ನು ಕೈಯಲ್ಲಿ ಹಿಡಿದು ಓಲಾಡಿಸಿದಾಗ ಬಲರೆಕ್ಕೆ ಕೆಳಗೆ ಹೋದರೆ ಆ ಕಡೆಯ ರೆಕ್ಕೆಯ ಹಿಂದಿನ ಪಟ್ಟಿ ಕೆಳಗೆ ಇಳಿಯಬೇಕು. ಉಲ್ಟಾ ಇದ್ದರೆ ಐದು ಸೆಕೆಂಡಿನಲ್ಲಿ ನೆಲ.

ಎಸೆಯುವಾಗ ಪ್ರೊಪೆಲ್ಲರ್ ಕೈಯ ಹಿಂದೆಯೇ ಇರುತ್ತದೆ, ನೆನಪಿಡಿ. ಮೊದಲು ಎಸೆತ, ಆಮೇಲೆ ಥ್ರಾಟಲ್.

ಬಾಲ್ಸಾ_ಮಾಮ

ತೆಂಗಿನಮರದ ಮಾತು ಬಂತಲ್ಲ. ನನ್ನ ಒಂದು ವಿಮಾನ ಮರದ ತಲೆಯಲ್ಲಿ ಹನ್ನೊಂದು ದಿನ ಕೂತಿತ್ತು. ಮರ ಹತ್ತುವವರು ‘ಕಾಯಿ ಕೀಳುವ ದಿನ ಬರುತ್ತೇನೆ, ಅದಕ್ಕೊಂದಕ್ಕೆ ಹತ್ತುವುದಿಲ್ಲ’ ಅಂದರು. ಬಂದ ದಿನ ಕಾಯಿಯ ಜೊತೆ ಅದನ್ನೂ ಕೆಳಗೆ ಹಾಕಿದರು. ಹಗ್ಗ ಕಟ್ಟಿ ಇಳಿಸಿ ಅಂತ ಹೇಳುವುದು ಮರೆತಿದ್ದೆ.

ಕಟಪಾಡಿ_ಹೊಸಬ

ಮೂರು ವಾರ ಆಯಿತು, ವರದಿ ಕೊಡುತ್ತೇನೆ.

ಬರಿಗಣ್ಣಿನಲ್ಲಿ ಹತ್ತು ಸಲ ಅಂದದ್ದು ಹದಿನಾಲ್ಕು ಆಯಿತು. ಮೊದಲ ದಿನ ನನ್ನ ಕಡೆ ತಿರುಗಿದ ಕೂಡಲೇ ಉಲ್ಟಾ ಕೊಟ್ಟು ಕೂಳೆಯ ಮೇಲೆ ಮೂಗು ಊರಿದೆ. ಕುದಿನೀರು ಹೊಯ್ದೆ, ನಿಜವಾಗಿಯೂ ಉಬ್ಬಿತು! ನಿನ್ನೆ ಬೆಳಿಗ್ಗೆ ಏಳಕ್ಕೆ ಮೊದಲ ಸಲ ಗಾಗಲ್ಸ್. ಪಕ್ಕದಲ್ಲಿ ತಮ್ಮ. 80 ಮೀಟರಿನಲ್ಲಿ ಹೊಳೆ ಕಂಡಿತು, ಆಚೆ ಗೆರೆ ಎಳೆದ ಹಾಗೆ ಸಮುದ್ರ. ಕೈ ನಡುಗುತ್ತಿತ್ತು, ವಿಮಾನ ನಡುಗಲಿಲ್ಲ.

ಇಳಿಸುವಾಗ ಗದ್ದೆ ಸಾಲಲಿಲ್ಲ. ಹುಣಿ ದಾಟಿ ಪಕ್ಕದ ಗುಳ್ಳದ (ನಮ್ಮೂರ ಬದನೆ) ಸಾಲಿನಲ್ಲಿ ಹೋಗಿ ಕೂತಿತು. ಎರಡು ಗಿಡ ಮುರಿಯಿತು. ಮುಳ್ಳಿನಲ್ಲಿ ಕೈ ಗೀರಿಕೊಂಡು ಎತ್ತುವಾಗ ಗದ್ದೆಯ ಅಮ್ಮ ಬಂದರು. ದುಡ್ಡು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ‘ಇದರಲ್ಲಿ ಮೇಲಿನಿಂದ ಕಾಣುತ್ತದಾ?’ ಅಂತ ಕೇಳಿದರು. ಹೌದು ಅಂದೆ. ‘ಹಾಗಾದರೆ ನಮ್ಮ ಮಾಡಿನ ಹಂಚು ಎಲ್ಲಿ ಒಡೆದಿದೆ ನೋಡಿ ಹೇಳು ಮಗಾ. ಮಳೆಗಾಲ ಪೂರ್ತಿ ಸೋರಿತು, ಹತ್ತುವವರು ಸಿಗುವುದಿಲ್ಲ.’

ಸುರತ್ಕಲ್_ರೆಕ್ಕೆ

ಅದಕ್ಕೆ ವಿಮಾನ ಬೇಡ ಮಾರಾಯ್ರೇ, ನಿಮ್ಮ ಡ್ರೋನ್ ಸಾಕು. ನಿಂತು ನೋಡುತ್ತದೆ.

ಕಟಪಾಡಿ_ಹೊಸಬ

ಇವತ್ತು ಅದನ್ನೇ ತೆಗೆದುಕೊಂಡು ಹೋದೆ. ಮೂರು ಹಂಚು, ಪಡುಬದಿಯಲ್ಲಿ. ಒಂದು ಚೀಲ ಗುಳ್ಳ ಕೊಟ್ಟರು.